ಸಂಪರ್ಕದ ಸಂಖ್ಯೆ ಮನುಷ್ಯನಲ್ಲ

(ಅರಸೀಕೆರೆಯಲ್ಲಿ ಬೇಲೂರು ಮತ್ತು ಹಳೇಬೀಡಿನ ಯುವಕ ಯುವತಿಯರೂ ಪಾಲ್ಗೊಂಡಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಸಭೆ ಆರಂಭವಾಗುವ ಮುನ್ನ ಹಳೇಬೀಡಿನ ವಿದ್ಯಾರ್ಥಿಯೊಬ್ಬ ನನ್ನನ್ನು ಒಂದು ಪ್ರಶ್ನೆ ಕೇಳಿದ. ‘ಮನೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಾನೊಂದು ಸಿನಿಮಾವನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಂಡರೆ ಅದು ಯಾರಿಗೆ ತಿಳಿಯುತ್ತದೆ?’ ಆ ಪ್ರಶ್ನೆಯಲ್ಲಿ ಸ್ವಲ್ಪ ತುಂಟತನವಿತ್ತು, ಸ್ವಲ್ಪ ಭಯವೂ ಇತ್ತು. ನಮ್ಮ ಹೆಚ್ಚಿನ ಯುವಕರ ಮನಸ್ಸಿನಲ್ಲಿ ಈ ಪ್ರಶ್ನೆ ಇದೆ. ಆದರೆ ಹಿರಿಯರ ಎದುರು ಕೇಳಲು ಅವರಿಗೆ ಸಂಕೋಚ. ಉತ್ತರಿಸಲು ಹಿರಿಯರಿಗೆ ತಿಳುವಳಿಕೆ ಸಾಲದು. ಹಾಗಾಗಿ ಇಂದಿನ ಮಾತನ್ನು ಆ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ.

ಯಾರಿಗೆ ಏನು ತಿಳಿಯುತ್ತದೆ?

ನಾವು ಇಂಟರ್‌ನೆಟ್ ಬಳಸುವಾಗ ಸೇವೆ ಒದಗಿಸುವ ಕಂಪೆನಿಯು ನಮ್ಮ ಸಂಪರ್ಕಕ್ಕೆ ಒಂದು ಸಂಖ್ಯೆಯನ್ನು ಕೊಡುತ್ತದೆ. ಅದನ್ನು ಐಪಿ ವಿಳಾಸ ಎನ್ನುತ್ತಾರೆ. ಪತ್ರ ಬರಬೇಕಾದರೆ ಮನೆಗೆ ವಿಳಾಸ ಬೇಕಾಗುವಂತೆ ಮಾಹಿತಿ ಬರಬೇಕಾದರೆ ಈ ಸಂಖ್ಯೆ ಬೇಕು. ಯಾವ ಗ್ರಾಹಕನಿಗೆ ಯಾವ ಹೊತ್ತಿನಲ್ಲಿ ಯಾವ ಸಂಖ್ಯೆ ಕೊಡಲಾಗಿತ್ತು ಎಂಬ ದಾಖಲೆ ಕಂಪೆನಿಯ ಬಳಿ ಇರುತ್ತದೆ. ಇಂತಹ ದಾಖಲೆಗಳನ್ನು ಕನಿಷ್ಠ 2 ವರ್ಷ ಕಾಪಾಡಬೇಕೆಂದು ದೂರಸಂಪರ್ಕ ಇಲಾಖೆಯು 2021ರ ಡಿಸೆಂಬರಿನಲ್ಲಿ ಪರವಾನಗಿಯ ಷರತ್ತನ್ನು ಬದಲಾಯಿಸಿತು. ಅದಕ್ಕೆ ಮುಂಚೆ ಈ ಅವಧಿ 1 ವರ್ಷವಾಗಿತ್ತು.

ಇನ್ನು ಕಡತಗಳ ವಿನಿಮಯದ ವಿಚಾರಕ್ಕೆ ಬರೋಣ. ಟೊರೆಂಟ್ ಎಂಬ ಹೆಸರನ್ನು ಇಲ್ಲಿರುವ ಯುವಕರೆಲ್ಲ ಕೇಳಿರುತ್ತಾರೆ. ಅಮೆರಿಕದ ಬ್ರಾಮ್ ಕೋಹೆನ್ 2001ರಲ್ಲಿ ರೂಪಿಸಿದ ಬಿಟ್‌ಟೊರೆಂಟ್ ವಿಧಾನ ಅದು. ಅದರಲ್ಲಿ ಕಡತವು ಯಾವುದೋ ಒಂದು ದೊಡ್ಡ ಉಗ್ರಾಣದಿಂದ ಬರುವುದಿಲ್ಲ. ಅದನ್ನು ಸಣ್ಣ ಸಣ್ಣ ತುಣುಕುಗಳಾಗಿ ಒಡೆದು, ಪಡೆಯುವವರೆಲ್ಲರೂ ತಮಗೆ ಬಂದ ತುಣುಕನ್ನು ಇತರರಿಗೆ ಹಂಚುತ್ತಾ ಹೋಗುತ್ತಾರೆ. ಅಂದರೆ, ಇಳಿಸಿಕೊಳ್ಳುತ್ತಿದ್ದೇನೆ ಎಂದು ಭಾವಿಸಿರುವ ವ್ಯಕ್ತಿ ಅದೇ ಹೊತ್ತಿನಲ್ಲಿ ಹಂಚುತ್ತಲೂ ಇರುತ್ತಾನೆ. ಹಾಗೆ ಹಂಚಬೇಕಾದರೆ ಪರಸ್ಪರರ ವಿಳಾಸ ತಿಳಿದಿರಬೇಕು. ಆದ್ದರಿಂದ ಆ ಗುಂಪಿನಲ್ಲಿರುವ ಯಾರಿಗೆ ಬೇಕಾದರೂ ಇತರರ ಐಪಿ ವಿಳಾಸ ಕಾಣುತ್ತದೆ. ಚಲನಚಿತ್ರ ಮತ್ತು ಸಂಗೀತ ಕಂಪೆನಿಗಳಿಗಾಗಿ ಕೆಲಸ ಮಾಡುವ ನಿಗಾ ಸಂಸ್ಥೆಗಳು ಸಾಮಾನ್ಯ ಬಳಕೆದಾರರಂತೆ ಆ ಗುಂಪಿನೊಳಗೆ ಸೇರಿ ವಿಳಾಸಗಳನ್ನು ಬರೆದುಕೊಳ್ಳುತ್ತವೆ. ಬಾಗಿಲು ಹಾಕಿದ ಕೋಣೆ ಎಂದು ಭಾವಿಸಿದ್ದು ವಾಸ್ತವದಲ್ಲಿ ಸಂತೆಯ ಬಯಲು.

ಸೇವೆ ಒದಗಿಸುವ ಕಂಪೆನಿಗೆ ಏನು ಕಾಣುತ್ತದೆ? ಇಂದು ಹೆಚ್ಚಿನ ತಾಣಗಳು ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳುಹಿಸುತ್ತವೆ. ಹಾಗಾಗಿ ಪುಟದೊಳಗೆ ಏನಿದೆ ಎಂಬುದು ಕಂಪೆನಿಗೆ ಸಾಮಾನ್ಯವಾಗಿ ಕಾಣದು. ಆದರೆ ಯಾವ ತಾಣಕ್ಕೆ ಹೋದಿರಿ, ಎಷ್ಟು ಹೊತ್ತು, ಎಷ್ಟು ಪ್ರಮಾಣದ ಮಾಹಿತಿ ಹರಿಯಿತು, ಆ ಹರಿವು ಟೊರೆಂಟಿನದೇ ಅಲ್ಲವೇ ಎಂಬುದನ್ನು ಬಹುಮಟ್ಟಿಗೆ ತಿಳಿಯಬಹುದು. ಅಂಚೆಯವನು ಲಕೋಟೆ ಒಡೆಯದಿದ್ದರೂ ಯಾರಿಂದ ಯಾರಿಗೆ ಎಷ್ಟು ಪತ್ರಗಳು ಹೋಗುತ್ತವೆ ಎಂಬುದನ್ನು ಬಲ್ಲ. ಅಷ್ಟೇ ಸಾಕು, ಒಬ್ಬ ಮನುಷ್ಯನ ರೋಗ, ಸಾಲ, ಸ್ನೇಹ, ರಾಜಕೀಯ ಒಲವು ಎಲ್ಲವನ್ನೂ ಊಹಿಸಬಹುದು.

ಐವತ್ತು ದಿನಗಳ ಸೆರೆವಾಸ

ಇಲ್ಲಿಯವರೆಗೆ ಹೇಳಿದ್ದನ್ನು ಕೇಳಿ ‘ತಪ್ಪು ಮಾಡದವನಿಗೆ ಭಯವೇಕೆ?’ ಎಂದು ಕೆಲವರು ಕೇಳಬಹುದು. ಈ ಮಾತು ನಮ್ಮಲ್ಲಿ ಬಹಳ ಜನಪ್ರಿಯ. ಅದಕ್ಕೆ ಉತ್ತರ ನಮ್ಮ ರಾಜಧಾನಿಯಲ್ಲೇ ಇದೆ.

2007ರಲ್ಲಿ ಛತ್ರಪತಿ ಶಿವಾಜಿಯನ್ನು ಅವಮಾನಿಸುವ ಚಿತ್ರವೊಂದನ್ನು ಆರ್ಕುಟ್ ತಾಣದಲ್ಲಿ ಯಾರೋ ಹಾಕಿದರು. ಪುಣೆಯ ಪೊಲೀಸರು ಆ ಚಿತ್ರದ ಹಿಂದಿದ್ದ ಐಪಿ ವಿಳಾಸವನ್ನು ಪಡೆದು, ಅದು ಯಾರದೆಂದು ಸೇವಾ ಕಂಪೆನಿಯನ್ನು ಕೇಳಿದರು. ಕಂಪೆನಿ ಒಂದು ಹೆಸರನ್ನು ಕೊಟ್ಟಿತು. 2007ರ ಆಗಸ್ಟ್ ಕೊನೆಯಲ್ಲಿ ಬೆಂಗಳೂರಿನ ಯುವ ಸಾಫ್ಟ್‌ವೇರ್ ಉದ್ಯೋಗಿಯೊಬ್ಬನನ್ನು ಅವನ ಮನೆಯಿಂದ ಬಂಧಿಸಿ ಪುಣೆಗೆ ಒಯ್ಯಲಾಯಿತು. ಸುಮಾರು 50 ದಿನ ಆತ ಯೆರವಡಾ ಸೆರೆಮನೆಯಲ್ಲಿದ್ದ. ಆಮೇಲೆ ತಿಳಿದು ಬಂದದ್ದೇನು? ಕಂಪೆನಿ ಕೊಟ್ಟ ಮಾಹಿತಿಯೇ ತಪ್ಪಾಗಿತ್ತು. ಆ ಹೊತ್ತಿನಲ್ಲಿ ಆ ಸಂಖ್ಯೆ ಅವನದಾಗಿರಲೇ ಇಲ್ಲ.

ಆ ಯುವಕ ಯಾವ ತಪ್ಪನ್ನೂ ಮಾಡಿರಲಿಲ್ಲ. ತಪ್ಪು ಮಾಡದವನಿಗೆ ಭಯವೇಕೆ ಎಂಬ ಪ್ರಶ್ನೆಯನ್ನು ಅವನ ತಾಯಿಯ ಮುಂದೆ ನಿಂತು ಕೇಳಲು ನಮಗೆ ಧೈರ್ಯವಿದೆಯೇ? ವಿದ್ಯಾವಂತ, ಉದ್ಯೋಗಸ್ಥ, ರಾಜಧಾನಿಯ ನಿವಾಸಿಯೊಬ್ಬನ ಪಾಡು ಇದಾದರೆ, ವಕೀಲನನ್ನು ನೇಮಿಸಲು ಹಣವಿಲ್ಲದ ಕೂಲಿಕಾರನ ಮಗನ ಪಾಡೇನು? ಹೆಸರನ್ನು ಕೇಳಿದ ಕೂಡಲೇ ಶಂಕೆಯ ಕಣ್ಣಿಗೆ ಗುರಿಯಾಗುವ ಸಮುದಾಯಗಳ ಯುವಕನ ಪಾಡೇನು?

ಅಮೆರಿಕದಲ್ಲಿಯೂ ಇಂತಹ ಎಡವಟ್ಟುಗಳಾಗಿವೆ. ಅಲ್ಲಿನ ಸಂಗೀತ ಕಂಪೆನಿಗಳ ಒಕ್ಕೂಟವು 2003ರಿಂದ ಹಾಡುಗಳನ್ನು ಹಂಚಿಕೊಂಡ ಸಾವಿರಾರು ಮಂದಿಯ ಮೇಲೆ ದಾವೆ ಹೂಡಿತು. 12 ವರ್ಷದ ಬಾಲಕಿಯೊಬ್ಬಳೂ ಅವರಲ್ಲಿದ್ದಳು. 2005ರಲ್ಲಿ ಅವರು ದಾವೆ ಹೂಡಿದ ಒಬ್ಬ ಅಜ್ಜಿ ತನ್ನ 83ನೆಯ ವಯಸ್ಸಿನಲ್ಲಿ ಆಗಲೇ ತೀರಿಕೊಂಡಿದ್ದರು. ಬದುಕಿದ್ದಾಗ ಅವರು ಕಂಪ್ಯೂಟರನ್ನು ಮನೆಯೊಳಗೆ ಬಿಟ್ಟುಕೊಳ್ಳಲೂ ಇಷ್ಟಪಟ್ಟವರಲ್ಲ ಎಂದು ಮಗಳು ಹೇಳಿದ್ದರು.

ತಪ್ಪು ಹೇಗಾಗುತ್ತದೆ? ಸಂಖ್ಯೆ ಇರುವುದು ಸಂಪರ್ಕಕ್ಕೆ, ಮನುಷ್ಯನಿಗಲ್ಲ. ಒಂದು ಮನೆಯ ವೈಫೈಯನ್ನು ಐದು ಮಂದಿ ಬಳಸುತ್ತಾರೆ, ನೆರೆಮನೆಯ ಹುಡುಗನೂ ಬಳಸುತ್ತಾನೆ. ಬೇಲೂರು, ಹಳೇಬೀಡಿನಲ್ಲಿ ಪ್ರವಾಸಿಗರಿಗೆ ಕೋಣೆ ಬಾಡಿಗೆಗೆ ಕೊಡುವವರು ಯೋಚಿಸಬೇಕು. ಹೊಯ್ಸಳರ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ದೇಶ ವಿದೇಶಗಳಿಂದ ಬಂದವರೆಲ್ಲ ಮೊದಲು ಕೇಳುವುದು ವೈಫೈ ಗುಪ್ತಪದವನ್ನು. ರಾತ್ರಿ ಕೋಣೆಯಲ್ಲಿ ಅತಿಥಿ ಏನನ್ನೇ ಇಳಿಸಲಿ, ಹಂಚಲಿ, ದಾಖಲೆಯಲ್ಲಿ ಉಳಿಯುವುದು ಮಾಲಿಕನ ಹೆಸರು. ಮೊಬೈಲ್ ಜಾಲದಲ್ಲಂತೂ ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಏಕಕಾಲದಲ್ಲಿ ನೂರಾರು ಗ್ರಾಹಕರಿಗೆ ಹಂಚುವ ಪದ್ಧತಿ ಇದೆ. ಅಲ್ಲಿ ಸರಿಯಾದ ವ್ಯಕ್ತಿಯನ್ನು ಗುರುತಿಸಬೇಕಾದರೆ ಪೋರ್ಟ್ ಎಂಬ ಇನ್ನೊಂದು ಸಂಖ್ಯೆ ಬೇಕು, ಗಂಟೆ ನಿಮಿಷ ಸೆಕೆಂಡು ನಿಖರವಾಗಿರಬೇಕು. ವಿದೇಶದ ದಾಖಲೆ ಅಂತಾರಾಷ್ಟ್ರೀಯ ಸಮಯದಲ್ಲಿದ್ದು ಇಲ್ಲಿನವರು ಅದನ್ನು ಭಾರತೀಯ ಸಮಯವೆಂದು ಓದಿದರೆ ಐದೂವರೆ ಗಂಟೆಗಳ ವ್ಯತ್ಯಾಸವಾಗುತ್ತದೆ. ಆ ವ್ಯತ್ಯಾಸದಲ್ಲಿ ಒಬ್ಬ ನಿರಪರಾಧಿಯ ಬದುಕು ನುಚ್ಚುನೂರಾಗಬಹುದು.

ಕಾಯ್ದೆ ಏನು ಹೇಳುತ್ತದೆ?

ಕಳ್ಳಗಣ್ಣಿನ ನೋಟದ ಬಗ್ಗೆ ಕರ್ನಾಟಕಕ್ಕೆ ಹಳೆಯ ಅನುಭವವಿದೆ. ದೂರವಾಣಿ ಕದ್ದಾಲಿಕೆಯ ವಿವಾದದಿಂದಾಗಿ ರಾಮಕೃಷ್ಣ ಹೆಗಡೆಯವರು 1988ರಲ್ಲಿ ಮುಖ್ಯಮಂತ್ರಿ ಸ್ಥಾನವನ್ನೇ ಬಿಡಬೇಕಾಯಿತು. 1996ರಲ್ಲಿ ಸುಪ್ರೀಂ ಕೋರ್ಟು ದೂರವಾಣಿ ಕದ್ದಾಲಿಕೆಗೆ ಕಡಿವಾಣ ಹಾಕಿ ಕೆಲವು ನಿಯಮಗಳನ್ನು ವಿಧಿಸಿತು. ಇನ್ನೊಂದು ಸಂಗತಿಯನ್ನು ನಾವು ಅಭಿಮಾನದಿಂದ ನೆನೆಯಬೇಕು. ಖಾಸಗಿತನವು ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ಮಂದಿ ನ್ಯಾಯಾಧೀಶರು ಒಮ್ಮತದಿಂದ ತೀರ್ಪಿತ್ತರಲ್ಲವೇ? ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಆಧಾರ್ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದಾಗ ಅವರ ವಯಸ್ಸು ಎಂಬತ್ತು ದಾಟಿತ್ತು. 2024ರಲ್ಲಿ ಅವರು ನಿಧನ ಹೊಂದಿದರು. ಒಬ್ಬ ವೃದ್ಧರು ಇಡೀ ದೇಶದ ಯುವಕರಿಗಾಗಿ ಹೋರಾಡಿ ಗಳಿಸಿ ಕೊಟ್ಟ ಹಕ್ಕು ಇದು. ಇಣುಕುವುದಕ್ಕೆ ಕಾಯ್ದೆಯ ಆಧಾರವಿರಬೇಕು, ನ್ಯಾಯಸಮ್ಮತ ಉದ್ದೇಶವಿರಬೇಕು, ಆ ಉದ್ದೇಶಕ್ಕೆ ಬೇಕಾದುದಕ್ಕಿಂತ ಹೆಚ್ಚು ಇಣುಕಬಾರದು ಎಂಬುದು ಅದರ ತಿರುಳು.

ಆದರೆ ಹಕ್ಕು ತೀರ್ಪಿನಲ್ಲಿದ್ದರೆ ಸಾಲದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಮಿನ ಪ್ರಕಾರ ಸಂದೇಶಗಳ ಒಳಹೂರಣವನ್ನು ನೋಡಬೇಕಾದರೆ ಸಾಮಾನ್ಯವಾಗಿ ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿಯ ಲಿಖಿತ ಆದೇಶ ಬೇಕು. ಆದರೆ ಆದೇಶ ಹೊರಡಿಸುವುದೂ ಸರಕಾರ, ಅದನ್ನು ಪರಿಶೀಲಿಸುವ ಸಮಿತಿಯೂ ಸರಕಾರದ ಅಧಿಕಾರಿಗಳದ್ದೇ. ಇದರಲ್ಲಿ ನ್ಯಾಯಾಧೀಶರಿಗೆ ಸ್ಥಾನವಿಲ್ಲ. ಇನ್ನು ಯಾವ ಸಂಖ್ಯೆ ಯಾರದು ಎಂಬ ಮಾಹಿತಿಯನ್ನು ತನಿಖಾಧಿಕಾರಿ ಒಂದು ನೋಟೀಸಿನ ಮೂಲಕವೇ ಪಡೆಯಬಹುದು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂದಿದೆ. ಆದರೆ ಅದರಲ್ಲಿ ಸರಕಾರದ ಸಂಸ್ಥೆಗಳಿಗೆ ವಿಶಾಲವಾದ ವಿನಾಯಿತಿಗಳಿವೆ. ಮನೆಗೆ ಬೀಗ ಹಾಕಿ ಒಂದು ಕೀಲಿಕೈಯನ್ನು ಸದಾ ಹೊರಗೆ ನೇತು ಹಾಕಿದಂತೆ ಇದು.

ಗೂಢ ಸುರಂಗದಂತೆ ಕೆಲಸ ಮಾಡುವ ವಿಪಿಎನ್ ಬಳಸಿದರೆ ಸಾಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಅದು ನೋಟವನ್ನು ಅಳಿಸುವುದಿಲ್ಲ, ನೋಡುವವನನ್ನು ಬದಲಾಯಿಸುತ್ತದೆ ಅಷ್ಟೆ. ಸೇವಾ ಕಂಪೆನಿಗೆ ಕಾಣದ್ದು ಈಗ ವಿಪಿಎನ್ ಕಂಪೆನಿಗೆ ಕಾಣುತ್ತದೆ. 2022ರ ಏಪ್ರಿಲ್ 28ರಂದು ಕೇಂದ್ರದ ಸರ್ಟ್-ಇನ್ ಸಂಸ್ಥೆಯು ವಿಪಿಎನ್ ಕಂಪೆನಿಗಳು ಗ್ರಾಹಕರ ಹೆಸರು, ವಿಳಾಸಗಳನ್ನು 5 ವರ್ಷ ಇಟ್ಟುಕೊಳ್ಳಬೇಕೆಂದು ನಿರ್ದೇಶಿಸಿತು. ಕೆಲವು ವಿದೇಶಿ ಕಂಪೆನಿಗಳು ಇದನ್ನು ಒಪ್ಪದೆ ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನೇ ತೆಗೆದುಬಿಟ್ಟವು. ಬ್ಯಾಂಕಿನ ಗುಟ್ಟನ್ನೋ, ಪತ್ರಕರ್ತನ ಮೂಲವನ್ನೋ ಕಾಪಾಡಲು ಈ ಸಾಧನ ಬಳಸುವವರು ಎಷ್ಟೋ ಮಂದಿ ಇದ್ದಾರೆ. ಅವರೆಲ್ಲರನ್ನೂ ಶಂಕಿತರ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವೇ?

ಕೃತಿಸ್ವಾಮ್ಯದ ಹೆಸರಿನಲ್ಲಿ

ಸಿನಿಮಾದವರ ನೋವನ್ನೂ ನಾವು ಅರ್ಥ ಮಾಡಿಕೊಳ್ಳಬೇಕು. 2019ರಲ್ಲಿ ‘ಪೈಲ್ವಾನ್’ ಚಿತ್ರ ತೆರೆಕಂಡ ಬೆನ್ನಿಗೇ ಇಂಟರ್‌ನೆಟ್‌ಗೆ ಸೋರಿಕೆಯಾಯಿತು. ಒಂದು ಚಿತ್ರದ ಹಿಂದೆ ನಟರಷ್ಟೇ ಅಲ್ಲ, ದೀಪ ಹಿಡಿಯುವವರು, ಅಡುಗೆ ಮಾಡುವವರು, ಟಿಕೇಟು ಹರಿಯುವವರೂ ಇರುತ್ತಾರೆ. ಬೇಲೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚೆನ್ನಕೇಶವ ದೇವಾಲಯದ ಶಿಲ್ಪಗಳ ಮೇಲೆ ಬಳ್ಳಿಗಾವೆಯ ದಾಸೋಜ ಮತ್ತು ಆತನ ಮಗ ಚಾವಣನಂತಹ ಶಿಲ್ಪಿಗಳ ಹೆಸರುಗಳನ್ನು ಇಂದಿಗೂ ಓದಬಹುದು. ದುಡಿದವನ ಹೆಸರು ಉಳಿಯಬೇಕು, ದುಡಿಮೆಗೆ ಬೆಲೆ ಸಿಗಬೇಕು ಎಂಬುದು ಹೊಸ ಕಾಲದ ಕಾಯ್ದೆ ಹುಟ್ಟು ಹಾಕಿದ ಮೌಲ್ಯವೇನಲ್ಲ. ಪರರ ದುಡಿಮೆಯನ್ನು ಪುಕ್ಕಟೆ ಪಡೆದು ಅದಕ್ಕೆ ಸ್ವಾತಂತ್ರ್ಯ ಎಂಬ ಹೆಸರಿಡುವುದು ಪ್ರಾಮಾಣಿಕತೆಯಲ್ಲ.

ಆದರೆ ಶಿಕ್ಷೆ ತಪ್ಪಿಗೆ ತಕ್ಕಂತಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮಿನಲ್ಲಿ 3 ವರ್ಷದವರೆಗೆ ಸೆರೆವಾಸವಿದೆ. ಈ ಅಪರಾಧದಲ್ಲಿ ಪೊಲೀಸರು ವಾರಂಟ್ ಇಲ್ಲದೆಯೇ ಬಂಧಿಸಬಹುದು, ಇದು ಜಾಮೀನುರಹಿತ ಎಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಮ್ಮ ರಾಜ್ಯ ಇನ್ನೂ ಮುಂದೆ ಹೋಗಿದೆ. 1985ರ ಗೂಂಡಾ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದು ‘ಡಿಜಿಟಲ್ ಅಪರಾಧಿ’ ಎಂಬ ವರ್ಗವನ್ನು ಸೇರಿಸಲಾಯಿತು. ವಾಣಿಜ್ಯ ಉದ್ದೇಶದಿಂದ ಕೃತಿಸ್ವಾಮ್ಯ ಉಲ್ಲಂಘಿಸುವವರೂ ಅದರೊಳಗೆ ಬರುತ್ತಾರೆ. ಆ ಕಾಯ್ದೆಯಡಿ ವಿಚಾರಣೆಯೇ ಇಲ್ಲದೆ ಒಬ್ಬನನ್ನು 12 ತಿಂಗಳವರೆಗೆ ಬಂಧನದಲ್ಲಿಡಬಹುದು. ರೌಡಿಗಳಿಗಾಗಿ ಹೆಣೆದ ಬಲೆಯಲ್ಲಿ ಕಡತ ನಕಲು ಮಾಡುವವನೂ ಸಿಲುಕಬಹುದಾದರೆ, ವಾಣಿಜ್ಯ ಉದ್ದೇಶ ಯಾವುದು ಎಂದು ಠಾಣೆಯಲ್ಲಿ ನಿರ್ಧರಿಸುವವರು ಯಾರು?

ನ್ಯಾಯಾಲಯಗಳು ಕೆಲವೊಮ್ಮೆ ವಿವೇಕದ ದಾರಿ ತೋರಿಸಿವೆ. 2012ರಲ್ಲಿ ಚಲನಚಿತ್ರವೊಂದರ ರಕ್ಷಣೆಗೆಂದು ಮದ್ರಾಸ್ ಹೈಕೋರ್ಟು ಕೊಟ್ಟ ಆದೇಶವನ್ನು ಹಿಡಿದು ಸೇವಾ ಕಂಪೆನಿಗಳು ಇಡೀ ತಾಣಗಳನ್ನೇ ಮುಚ್ಚಿದವು. ನಿರ್ದಿಷ್ಟ ಪುಟಗಳನ್ನಷ್ಟೇ ತಡೆಯಬೇಕು ಎಂದು ನ್ಯಾಯಾಲಯ ಬಳಿಕ ಸ್ಪಷ್ಟಪಡಿಸಿತು. 2016ರಲ್ಲಿ ತಡೆಹಿಡಿದ ಪುಟಗಳ ಮೇಲೆ ‘ನೋಡಿದರೂ 3 ವರ್ಷ ಜೈಲು’ ಎಂಬ ಅರ್ಥದ ಎಚ್ಚರಿಕೆ ಕಾಣಿಸಿಕೊಂಡಿತು. ದೇಶದ ಯುವಕರೆಲ್ಲ ಬೆಚ್ಚಿ ಬಿದ್ದರು. ಕೇವಲ ನೋಡುವುದು ಅಪರಾಧವಲ್ಲ, ಅನುಮತಿಯಿಲ್ಲದೆ ಹಂಚುವುದು, ಸಾರ್ವಜನಿಕವಾಗಿ ಪ್ರದರ್ಶಿಸುವುದು, ಮಾರುವುದು ಅಪರಾಧ ಎಂದು ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಗೌತಮ್ ಪಟೇಲ್ ಅದೇ ವರ್ಷ ವಿವರಿಸಿದರು. ಇಲ್ಲಿ ನಾನು ಮೊದಲು ಹೇಳಿದ್ದನ್ನು ನೆನಪಿಸಿಕೊಳ್ಳಿ. ಟೊರೆಂಟಿನಲ್ಲಿ ಪಡೆಯುವವನು ಹಂಚುವವನೂ ಆಗಿರುತ್ತಾನೆ.

ಹಾಸನದ ಪಾಠ

ಇನ್ನು ನಾನು ಹೇಳಲಿರುವುದು ಕಹಿಯಾದರೂ ಹೇಳಲೇಬೇಕಾದ ಮಾತು. ಕಡತ ಹಂಚಿಕೆ ಎಂದರೆ ಸಿನಿಮಾ, ಹಾಡು ಮಾತ್ರ ಎಂದು ಭಾವಿಸಬೇಡಿ. 2024ರ ಏಪ್ರಿಲಿನಲ್ಲಿ, ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ, ನಮ್ಮದೇ ಹಾಸನ ಜಿಲ್ಲೆಯಲ್ಲಿ ಏನಾಯಿತು? ಅಂದಿನ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಸಂಬಂಧಿಸಿದವು ಎನ್ನಲಾದ ವಿಡಿಯೋಗಳು ಪೆನ್ ಡ್ರೈವ್‌ಗಳಲ್ಲಿ ಊರೂರು ತಲುಪಿದವು. ಅಲ್ಲಿಂದ ವಾಟ್ಸ್ಆ್ಯಪ್‌ಗೆ ಹರಿದವು. ಆ ದೃಶ್ಯಗಳಲ್ಲಿದ್ದ ಮಹಿಳೆಯರ ಮುಖವನ್ನು ಮರೆಮಾಡುವ ಸೌಜನ್ಯವೂ ಹಂಚಿದವರಿಗೆ ಇರಲಿಲ್ಲ. ಅಪರಾಧಿಗೆ ಶಿಕ್ಷೆಯಾಗಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ. ಒಂದು ಅತ್ಯಾಚಾರ ಪ್ರಕರಣದಲ್ಲಿ 2025ರ ಆಗಸ್ಟಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವು ಆತನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆದರೆ ಆ ಮಹಿಳೆಯರು ಮಾಡಿದ್ದ ಅಪರಾಧವೇನು? ಒಮ್ಮೆ ದೌರ್ಜನ್ಯಕ್ಕೆ ಒಳಗಾದವರನ್ನು ಸಾವಿರ ಬೆರಳುಗಳು ಸೇರಿ ಮತ್ತೆ ಬಯಲಿಗೆ ಎಳೆದವು. ಅವರ ನೆರೆಯವರೂ ನೋಡಿದರು, ಮಕ್ಕಳ ಸಹಪಾಠಿಗಳೂ ನೋಡಿದರು. ಇಂತಹ ವಿಡಿಯೋಗಳನ್ನು ಹಂಚುವವರ ಮೇಲೆ ಕ್ರಮ ಕೈಗೊಳ್ಳಲಾಗುವುದು ಎಂದು ವಿಶೇಷ ತನಿಖಾ ತಂಡವು ಸಾರ್ವಜನಿಕ ಎಚ್ಚರಿಕೆ ಕೊಡಬೇಕಾಯಿತು.

ನಮ್ಮ ಮೊಬೈಲನ್ನು ಪೊಲೀಸರು ನೋಡಬಾರದು, ನಮ್ಮ ಸಂಪರ್ಕವನ್ನು ಕಂಪೆನಿ ಗಮನಿಸಬಾರದು ಎಂದು ನಾವು ಬಯಸುತ್ತೇವೆ. ನ್ಯಾಯವಾದ ಬಯಕೆ. ಆದರೆ ಅದೇ ಮೊಬೈಲಿನಲ್ಲಿ ಇನ್ನೊಬ್ಬಳ ಮಾನವನ್ನು ಬೀದಿಗೆ ಹಾಕುವಾಗ ಖಾಸಗಿತನದ ನೆನಪು ನಮಗೇಕೆ ಬರುವುದಿಲ್ಲ? ಅನುಮತಿ ಕೇಳದೆ ಪರರ ಮನೆಯೊಳಗೆ ಕಾಲಿಡಬಾರದು, ಪರರ ಗುಟ್ಟನ್ನು ಕೆದಕಬಾರದು ಎಂಬುದನ್ನು ನಾವೆಲ್ಲ ಚಿಕ್ಕಂದಿನಲ್ಲೇ ಮನೆಯಲ್ಲಿ ಕಲಿತವರು. ಸರಕಾರಕ್ಕೆ ಆ ಪಾಠ ಹೇಳುವ ನೈತಿಕ ಹಕ್ಕು ಅದನ್ನು ಸ್ವತಃ ಪಾಲಿಸುವವರಿಗೆ ಮಾತ್ರ ಇರುತ್ತದೆ.

ನಾವೇನು ಮಾಡಬಹುದು?

ಕೆಲವು ಸರಳ ಕೆಲಸಗಳನ್ನು ಇಂದು ರಾತ್ರಿಯೇ ಮಾಡಬಹುದು. ಮನೆಯ ರೌಟರಿನ ಗುಪ್ತಪದವನ್ನು ಬದಲಾಯಿಸಿ. ಅಳವಡಿಸಿದವನು ಇಟ್ಟುಹೋದ ಪದವೇ ಹೆಚ್ಚಿನ ಮನೆಗಳಲ್ಲಿ ಉಳಿದಿರುತ್ತದೆ. ಅತಿಥಿಗಳಿಗೆ ಬೇರೆ ಸಂಪರ್ಕ ಕೊಡುವ ವ್ಯವಸ್ಥೆ ಇಂದಿನ ಬಹಳಷ್ಟು ರೌಟರುಗಳಲ್ಲಿದೆ. ವಸತಿಗೃಹ ನಡೆಸುವವರು ಅದನ್ನು ಬಳಸಬೇಕು. ಸೈಬರ್ ಕೆಫೆ ಇಟ್ಟಿರುವವರು 2011ರ ನಿಯಮಗಳಂತೆ ಬಂದವರ ಗುರುತು ಮತ್ತು ಸಮಯವನ್ನು ದಾಖಲಿಸಿ ಕನಿಷ್ಠ 1 ವರ್ಷ ಕಾಪಾಡಬೇಕು. ಅದನ್ನು ಮೇಜಿನ ಮೇಲೆ ಎಲ್ಲರ ಕಣ್ಣಿಗೆ ಬೀಳುವಂತೆ ಬಿಡಬಾರದು. ನಿಮ್ಮ ಹೆಸರಿನ ಸಿಮ್ ಅನ್ನು ಇನ್ನೊಬ್ಬರಿಗೆ ಕೊಡಬೇಡಿ.

ವಿಚಾರಣೆಗೆಂದು ಯಾರಾದರೂ ಬಂದರೆ ಭಯಪಡಬೇಡಿ, ಜಗಳವಾಡಲೂ ಬೇಡಿ. ಲಿಖಿತ ನೋಟೀಸು ಕೇಳಿ. ಯಾವ ಐಪಿ ವಿಳಾಸ, ಯಾವ ದಿನ, ಯಾವ ಸಮಯ, ಅದು ಭಾರತೀಯ ಸಮಯವೇ ಎಂದು ವಿನಯದಿಂದ ವಿಚಾರಿಸಿ. ಉಪಕರಣವನ್ನು ಒಯ್ದರೆ ಅದರ ಪಟ್ಟಿಯ ಪ್ರತಿಯನ್ನು ಪಡೆಯಿರಿ. ಬಂಧನದ ಕಾರಣವನ್ನು ತಿಳಿಯುವ, ವಕೀಲರನ್ನು ಕಾಣುವ, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವ ಹಕ್ಕುಗಳನ್ನು ಸಂವಿಧಾನದ 22ನೇ ವಿಧಿ ಕೊಟ್ಟಿದೆ. ಊರಿನ ವಕೀಲರು, ಶಿಕ್ಷಕರು, ಕಂಪ್ಯೂಟರ್ ಬಲ್ಲವರು ಸೇರಿ ಇಂತಹ ಸಮಯದಲ್ಲಿ ಬಡ ಕುಟುಂಬದ ಜೊತೆ ನಿಲ್ಲುವ ವ್ಯವಸ್ಥೆಯೊಂದನ್ನು ಮಾಡಿಕೊಂಡರೆ ಈ ಸಭೆ ಸಾರ್ಥಕವಾಗುತ್ತದೆ. ಇಣುಕುನೋಟದ ಆದೇಶಗಳನ್ನು ನ್ಯಾಯಾಧೀಶರು ಪರಿಶೀಲಿಸಬೇಕು, ತಪ್ಪು ಮಾಹಿತಿ ಕೊಟ್ಟ ಕಂಪೆನಿ ಪರಿಹಾರ ಕೊಡಬೇಕು ಎಂಬ ಬೇಡಿಕೆಯನ್ನು ಮತ ಕೇಳಲು ಬರುವವರ ಮುಂದೆ ಇಡಬೇಕು.

ಕೊನೆಯದಾಗಿ ಹಳೇಬೀಡಿನ ಆ ವಿದ್ಯಾರ್ಥಿಗೆ ಉತ್ತರ. ಮಗೂ, ನೀನು ಇಳಿಸಿಕೊಂಡದ್ದು ನಿನ್ನ ಸೇವಾ ಕಂಪೆನಿಗೆ ತಿಳಿಯಬಹುದು, ಅಪರಿಚಿತ ನಿಗಾ ಸಂಸ್ಥೆಗೂ ತಿಳಿಯಬಹುದು. ಆದರೆ ಅವರಿಗೆ ತಿಳಿಯುವುದು ಒಂದು ಸಂಖ್ಯೆ. ಆ ಸಂಖ್ಯೆ ನೀನಲ್ಲ. ಸಾಕ್ಷ್ಯವಿಲ್ಲದೆ ಅದನ್ನು ನೀನೇ ಎಂದು ಯಾರೂ ತೀರ್ಮಾನಿಸದಂತೆ ನೋಡಿಕೊಳ್ಳುವ ಹೊಣೆ ಹಿರಿಯರಾದ ನಮ್ಮದು. ಆ ಸಂಖ್ಯೆಯ ಹಿಂದೆ ಕುಳಿತು ಇನ್ನೊಬ್ಬರ ದುಡಿಮೆಗೂ ಮಾನಕ್ಕೂ ಕೈಹಾಕದಿರುವ ಹೊಣೆ ನಿನ್ನದು. ಇಬ್ಬರೂ ನಮ್ಮ ನಮ್ಮ ಹೊಣೆಯನ್ನು ನಿರ್ವಹಿಸೋಣ.